ಬೆಸುಗೆಯ ಬೆನ್ನಿನಿಂದ ಹತ್ತುವ ತುಕ್ಕು: ಒಂದು ಹಳೆಯ ಪದ್ಮಿನಿಯಲ್ಲಿ ನನ್ನ ಅನುಭವ

ಕಳೆದ ದೀಪಾವಳಿಯ ಮರುವಾರ, ಧಾರವಾಡದ ನಿವೃತ್ತ ಮಾಸ್ತರರೊಬ್ಬರ 1986ರ ಪದ್ಮಿನಿ ಕಾರು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನನ್ನ ಶೆಡ್ಡಿಗೆ ತಪಾಸಣೆಗೆ ಬಂದಿತ್ತು. ಅದರ ತಳಕ್ಕೆ ನಾನು ಸಪೋರ್ಟ್ ಪಟ್ಟಿಗಳನ್ನು ವೆಲ್ಡ್ ಮಾಡಿ ಆಗಲೇ ನಾಲ್ಕು ಮಳೆಗಾಲ ಕಳೆದಿದ್ದವು. ಬಾಗಿಲ ಕೆಳಗೆ ಉದ್ದಕ್ಕಿರುವ ಟೊಳ್ಳು ತಗಡಿನ ಪೆಟ್ಟಿಗೆಯಾದ ಸಿಲ್‌ನ ರಬ್ಬರ್ ಬುಚ್ಚು ಕಿತ್ತು, ಮೊಬೈಲಿಗೆ ಜೋಡಿಸುವ ಸಾವಿರದ ಇನ್ನೂರು ರೂಪಾಯಿಯ ಸಣ್ಣ ಕ್ಯಾಮೆರಾವನ್ನು ಒಳಗೆ ಬಿಟ್ಟು ನೋಡಿದಾಗ ಬೆಸುಗೆಯ ಹಿಂಬದಿಯಲ್ಲಿ ತುಕ್ಕು ತಡೆಯಲು ಕೊಟ್ಟ ಮೇಣದ ಪದರ ಹಚ್ಚಿದ ದಿನದಂತೆಯೇ ಕುಳಿತಿತ್ತು. ಎಡಗಡೆಯಲ್ಲಿ ಜಾಕ್ ಕೊಟ್ಟು ಗಾಡಿ ಎತ್ತುವ ಜಾಗದ, ಅಂದರೆ ಜಾಕ್ ಪಾಯಿಂಟಿನ ಬಳಿ ಮಾತ್ರ ಉಗುರಿನಷ್ಟು ಅಗಲ ತುಕ್ಕಿನ ಕೆಂಪು ಕಂಡಿತು. ಈ ಕೆಲಸಕ್ಕೆ ಇಷ್ಟು ಬಾಳಿಕೆ ಬರುವುದಿಲ್ಲವೆಂದು ಹೇಳಿದ್ದ ಇಬ್ಬರು ಮಿಸ್ತ್ರಿಗಳನ್ನು ಕರೆದು ಆ ಚಿತ್ರವನ್ನು ತೋರಿಸಿದೆ.

ಇದೇ ಕಾರಿನಲ್ಲಿ ನಾನು ಮೊದಲು ಸೋತಿದ್ದೆ. ಸುಮಾರು ಆರೂವರೆ ವರ್ಷಗಳ ಹಿಂದೆ ಇದರ ಸಿಲ್ ಮತ್ತು ಹಿಂದಿನ ಕಮಾನು ಪಟ್ಟಿಯ (ಲೀಫ್ ಸ್ಪ್ರಿಂಗ್) ಹಿಡಿಕೆಗೆ ಗ್ಯಾಸ್ ವೆಲ್ಡಿಂಗಿನಿಂದ ತಗಡು ಬೆಸೆದು, ರೆಡ್ ಆಕ್ಸೈಡ್ ಎಂಬ ಕೆಂಪು ಅಡಿಬಣ್ಣ ಹಚ್ಚಿ, ಮೇಲೆ ದಪ್ಪಗೆ ಡಾಂಬರಿನ ಲೇಪನ ಕೊಟ್ಟಿದ್ದೆ. ಪಕ್ಕದ ಶೆಡ್ಡಿನ ಹಿರಿಯ ಮಿಸ್ತ್ರಿಯವರು ಆಗ, "ತಮ್ಮಾ, ಗಾಡಿ ಕೆಳಗ ಯಾರ್ ನೋಡ್ತಾರ, ಡಾಂಬರ ಹೊಡದು ಕೈ ತೊಳಕೊ" ಎಂದಿದ್ದರು. ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಮಾಸ್ತರರು ಸ್ಟೆಪ್ನಿ ಬದಲಿಸಲು ಜಾಕ್ ಏರಿಸಿದರೆ ಅದು ತಗಡನ್ನು ಹರಿದುಕೊಂಡು ಒಳಗೆ ಹೋಯಿತು. ಹೊರಗಿನ ಡಾಂಬರು ಹೊಳೆಯುತ್ತಲೇ ಇತ್ತು. ಅದರ ಹಿಂದೆ, ಬೆಸುಗೆಯ ಅಂಚಿಗುಂಟ ಕಬ್ಬಿಣ ಹಪ್ಪಳದಂತೆ ಪದರು ಪದರಾಗಿ ಎದ್ದಿತ್ತು. ಹಣ ಕೇಳುವ ಮುಖ ನನಗಿರಲಿಲ್ಲ. ಎಲ್ಲವನ್ನೂ ಕತ್ತರಿಸಿ ತೆಗೆದು ಪುಕ್ಕಟೆಯಾಗಿ ಮಾಡಿಕೊಡುವಲ್ಲಿ ಸುಮಾರು ಒಂಬತ್ತು ಸಾವಿರ ರೂಪಾಯಿ ಮತ್ತು ಆರು ದಿನ ಕೈಬಿಟ್ಟವು.

ಕತ್ತರಿಸಿ ತೆಗೆದ ತುಂಡುಗಳನ್ನು ಬಿಡಿಸಿ ನೋಡಿದಾಗ ವಿಷಯ ಸ್ಪಷ್ಟವಾಯಿತು. ನಾವು ಹೊರಗಿನಿಂದ ಬೆಸೆಯುವಾಗ ಮುಚ್ಚಿದ ಪೆಟ್ಟಿಗೆಯ ಒಳಗಿನ ಬಣ್ಣ ಸುಟ್ಟುಹೋಗುತ್ತದೆ. ಅಲ್ಲಿ ಬೆತ್ತಲಾದ ಲೋಹಕ್ಕೆ ಯಾರೂ ಏನನ್ನೂ ಹಚ್ಚುವುದಿಲ್ಲ. ನಮ್ಮ ಕಡೆಯ ಎರೆಮಣ್ಣು ಇದನ್ನು ಇನ್ನಷ್ಟು ಕೆಡಿಸುತ್ತದೆ. ನವಲಗುಂದ, ಅಣ್ಣಿಗೇರಿಯ ಹೊಲದ ದಾರಿಗಳಲ್ಲಿ ಓಡಾಡಿದ ಗಾಡಿಯ ಸಂದಿಗಳಲ್ಲಿ ಕುಳಿತ ಎರೆ, ಮೇಲೆ ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ತೇವ ಹಿಡಿದಿರುತ್ತದೆ.

ಸರಿದಾರಿ ಸಿಗುವ ಮೊದಲು ಇನ್ನೆರಡು ತಪ್ಪುಗಳಾದವು. ಜಿಐ ತಗಡಿನಲ್ಲಿ ಸತುವಿನ ಲೇಪನ ಮೊದಲೇ ಇರುತ್ತದೆಂದು ಅದನ್ನೇ ಒಂದು ಆಮ್ನಿಗೆ ಬಳಸಿದೆ. ಸತು ಸುಮಾರು 907 ಡಿಗ್ರಿಗೇ ಆವಿಯಾಗುತ್ತದೆ, ಕಬ್ಬಿಣ ಕರಗುವುದು 1,500 ಡಿಗ್ರಿಯ ಆಸುಪಾಸಿನಲ್ಲಿ. ಹೀಗಾಗಿ ಬೆಸುಗೆಯ ತುಂಬ ಗುಳ್ಳೆಗಳೆದ್ದವು, ಬೇಕಾದ ಜಾಗದಲ್ಲಿಯೇ ಸತು ಉಳಿಯಲಿಲ್ಲ, ಆ ಹೊಗೆ ಕುಡಿದು ರಾತ್ರಿಯಿಡೀ ನನಗೆ ಚಳಿಜ್ವರ. ಇನ್ನೊಂದು ಗಾಡಿಯಲ್ಲಿ ಹಳೆಯ ಎಂಜಿನ್ ಆಯಿಲನ್ನು ಸಿಲ್ ಒಳಗೆ ಸುರಿದೆ. ಅದು ಸೋರಿ ರಬ್ಬರ್ ಬುಷ್‌ಗಳನ್ನು ಉಬ್ಬಿಸಿತು, ಮುಂದೆ ಸಂದಿ ಮುಚ್ಚುವ ಸೀಲರ್ ಅಂಟಲಿಲ್ಲ.

ಪದ್ಮಿನಿಯಲ್ಲಿ ಕೊನೆಗೆ ಅನುಸರಿಸಿದ ಕ್ರಮವನ್ನು ಹೇಳುತ್ತೇನೆ. ಸಿಲ್‌ಗೆ 18 ಗೇಜ್, ಕಮಾನು ಪಟ್ಟಿಯ ಹಿಡಿಕೆಗೆ ಅದಕ್ಕಿಂತ ದಪ್ಪನೆಯ 14 ಗೇಜ್ ಸಿಆರ್ (ಲೇಪನವಿಲ್ಲದ ಕೋಲ್ಡ್ ರೋಲ್ಡ್ ಉಕ್ಕಿನ) ತಗಡು ತೆಗೆದುಕೊಂಡೆ. ಹಳೆಯ ಕಬ್ಬಿಣವನ್ನು ಬೆಳ್ಳಗಾಗುವವರೆಗೆ ಉಜ್ಜಿದೆನೇ ಹೊರತು ತುಕ್ಕು ತೆಗೆಯುವ ಆಮ್ಲವನ್ನು ಜೋಡಣೆಯ ಹತ್ತಿರ ತರಲಿಲ್ಲ. ಎರಡು ತಗಡುಗಳ ನಡುವೆ ಅದು ಇಳಿದರೆ ತೊಳೆದು ತೆಗೆಯಲು ಬರುವುದಿಲ್ಲ. ಒಂದರ ಮೇಲೊಂದು ಕೂಡುವ ಎರಡೂ ಮುಖಗಳಿಗೆ ಸತು ತುಂಬಿದ ವೆಲ್ಡಿಂಗ್ ಪ್ರೈಮರ್ (ಅಡಿಬಣ್ಣ) ತೆಳ್ಳಗೆ ಹೊಡೆದು, ಮೇಲಿನ ತಗಡಿನ ಪಟ್ಟಿಯಲ್ಲಿ 8 ಮಿಲಿಮೀಟರಿನ ತೂತುಗಳನ್ನು ಹೆಚ್ಚುಕಡಿಮೆ ಒಂದೂವರೆ ಇಂಚಿಗೊಂದರಂತೆ ಕೊರೆದು, ಆ ತೂತಿನೊಳಗೆ ಕಾಣುವ ಪ್ರೈಮರನ್ನು ಮಾತ್ರ ಕೆರೆದು, 0.8 ಮಿಲಿಮೀಟರ್ ತಂತಿಯ ಸಿಒಟು (ಇಂಗಾಲದ ಡೈಆಕ್ಸೈಡ್ ಅನಿಲ ಬಳಸುವ ವೆಲ್ಡಿಂಗ್) ಮಶಿನ್ನಿನಿಂದ ಒಂದು ತೂತು ಇಲ್ಲಿ, ಮತ್ತೊಂದು ಆ ತುದಿಯಲ್ಲಿ ಎಂಬಂತೆ ಜಿಗಿಯುತ್ತ ಬೆಸೆದೆ. ಅಂಚುಗಳಿಗೆ ಒಂದೊಂದು ಇಂಚಿನ ತುಣುಕು ಬೆಸುಗೆ ಸಾಕಾಯಿತು. ಬೆಸುಗೆಯನ್ನು ಒಂದೇ ಸಮನೆ ಓಡಿಸಿದರೆ ಬಲ ಹೆಚ್ಚೆಂದು ವಾದಿಸುವವರಿದ್ದಾರೆ. ನನ್ನ ಕಣ್ಣಿಗೆ ಕಂಡದ್ದೆಂದರೆ ಹಾಗೆ ಮಾಡಿದಾಗ ಒಳಗಿನ ಬಣ್ಣ ಅಂಗೈ ಅಗಲ ಸುಡುತ್ತದೆ ಮತ್ತು ತೆಳು ತಗಡು ಸೊಟ್ಟಾಗುತ್ತದೆ. ಪಟ್ಟಿಯ ತುದಿಗಳನ್ನು ಚೂಪಾಗಿಸಿ ಕತ್ತರಿಸಬೇಕು, ಮೇಲಂಚಿನಲ್ಲಿ ಮಣ್ಣು ಕೂರುವ ಕಿಸೆ ಉಳಿಯಬಾರದು, ನೀರು ಇಳಿಯುವ ಮೂಲ ತೂತು ಪಟ್ಟಿಯಡಿ ಮುಚ್ಚಿಹೋಗಬಾರದು.

ಬೆಸುಗೆ ತಣ್ಣಗಾದ ಮೇಲೆ ಕಿಟ್ಟ, ಹೊಗೆಯ ಕಪ್ಪು ಎಲ್ಲವನ್ನೂ ತಂತಿಬ್ರಷ್‌ನಿಂದ ತೆಗೆದು, ಹೊರಗೆ ಎರಡು ಕೈ ಎಪಾಕ್ಸಿ ಪ್ರೈಮರ್ ಹಚ್ಚಿ, ಪ್ರತಿ ಅಂಚಿಗೂ ಸೀಲರ್ ತುಂಬಿದೆ. ಒಳಗೂ ಉದ್ದನೆಯ ಪೈಪಿನಿಂದ ಎಪಾಕ್ಸಿಯನ್ನೇ ತೆಳುಮಾಡಿ ಸಿಂಪಡಿಸಿದೆ. ಕೊನೆಗೆ ಮೇಣ. ಮೇಣ ಹೋದ ಮೇಲೆ ಅಲ್ಲಿ ಮತ್ತೆ ವೆಲ್ಡಿಂಗ್ ಕಿಡಿ ತಾಗಿಸುವಂತಿಲ್ಲ, ಬೆಂಕಿ ಹತ್ತುತ್ತದೆ. ಆದ್ದರಿಂದ ಎಲ್ಲ ಬೆಸುಗೆ, ಎಲ್ಲ ಬಣ್ಣ ಮುಗಿದ ನಂತರವೇ ಅದರ ಸರದಿ. ಮೇಣಕ್ಕೆ ನಾನು ಏನೇನು ಬೆರೆಸುತ್ತೇನೆ ಮತ್ತು ಎಷ್ಟು ಬಿಸಿಯಲ್ಲಿ ಸಿಂಪಡಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎರಡು ವರ್ಷ ಡಬ್ಬಗಳನ್ನು ಹಾಳುಮಾಡಿ ಕಂಡುಕೊಂಡದ್ದು ಅದು. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿಗೆ ಹರಿದುಹೋಗದಷ್ಟು ಗಟ್ಟಿಯೂ ತಗಡುಗಳ ಸಂದಿಗೆ ತಾನಾಗಿ ಹರಿಯುವಷ್ಟು ತೆಳುವೂ ಆಗಿರಬೇಕೆಂದಷ್ಟೇ ಹೇಳಬಲ್ಲೆ. ಮರುದಿನ ನೀರಿಳಿಯುವ ತೂತುಗಳಿಗೆ ತಂತಿ ಹಾಕಿ ತೆಗೆಯುವುದನ್ನು ಮಾತ್ರ ಯಾರೂ ಮರೆಯಬಾರದು. ಒಂದು ಅಂಬಾಸಿಡರಿನಲ್ಲಿ ನಾನು ಮರೆತಿದ್ದರಿಂದ ಮೇಣ ತೂತು ಮುಚ್ಚಿ, ಸಿಲ್‌ನಲ್ಲಿ ಒಂದು ಲೀಟರಿನಷ್ಟು ನೀರು ನಿಂತಿತ್ತು.

ಇದರ ಜೊತೆಗೆ ಒಂದು ಸಣ್ಣ ಪರೀಕ್ಷೆಯನ್ನೂ ನಡೆಸಿದೆ. ಅಂಗೈ ಅಗಲದ ಹನ್ನೆರಡು ಜೋಡಿ ತಗಡುಗಳನ್ನು ಬೆಸೆದು, ನಾಲ್ಕಕ್ಕೆ ರೆಡ್ ಆಕ್ಸೈಡ್ ಮಾತ್ರ, ನಾಲ್ಕಕ್ಕೆ ಸತುವಿನ ಪ್ರೈಮರ್ ಮಾತ್ರ, ಉಳಿದ ನಾಲ್ಕಕ್ಕೆ ಸತುವಿನ ಪ್ರೈಮರಿನ ಮೇಲೆ ಮೇಣವನ್ನೂ ಕೊಟ್ಟು, ಎರೆಮಣ್ಣು ತುಂಬಿದ ಬುಟ್ಟಿಯಲ್ಲಿ ಹೂತು ವಾರಕ್ಕೆರಡು ಬಾರಿ ಉಪ್ಪುನೀರು ಹಾಕಿದೆ. ಗಿರಾಕಿಗಳಲ್ಲಿ ಕೆಲವರು ಅಂಕೋಲಾ ರಸ್ತೆಯಲ್ಲಿ ಕಾರವಾರದ ಕಡೆ ಪದೇ ಪದೇ ಹೋಗುವವರಾದ್ದರಿಂದ ಉಪ್ಪು ಬೇಕೆನಿಸಿತು. ಏಳೆಂಟು ತಿಂಗಳ ನಂತರ ಬಿಡಿಸಿದಾಗ ಮೊದಲ ನಾಲ್ಕೂ ಒಳಗೆ ತಿಂದುಹೋಗಿದ್ದವು, ಎರಡನೆಯ ಗುಂಪಿನಲ್ಲಿ ಬೆಸುಗೆಯ ಸುತ್ತ ಮಾತ್ರ ಕೆಂಪಿತ್ತು, ಮೂರನೆಯದರಲ್ಲಿ ಒಂದನ್ನು ಬಿಟ್ಟು ಎಲ್ಲ ಶುದ್ಧವಾಗಿದ್ದವು. ಆ ಒಂದಕ್ಕೆ ಮೇಣ ಸಂದಿಯವರೆಗೆ ತಲುಪಿರಲಿಲ್ಲ.

ಇಷ್ಟಕ್ಕೆಲ್ಲ ಪ್ರೈಮರ್, ಎಪಾಕ್ಸಿ, ಸೀಲರ್, ಮೇಣ ಸೇರಿ ಒಂದು ಗಾಡಿಗೆ ಹೆಚ್ಚುವರಿಯಾಗಿ ಮೂರರಿಂದ ಮೂರೂವರೆ ಸಾವಿರ ರೂಪಾಯಿ, ಎರಡು ದಿನದ ಕೆಲಸ. ಪೂರ್ತಿ ಕೆಲಸಕ್ಕೆ ಈಗ ಇಪ್ಪತ್ತೆರಡು ಸಾವಿರ ಹೇಳುತ್ತೇನೆ. ಹದಿನಾಲ್ಕಕ್ಕೆ ಮಾಡುವವರು ನನ್ನ ಸಾಲಿನಲ್ಲಿಯೇ ಇದ್ದಾರೆ, ಗಿರಾಕಿಗಳು ಕೇಳಿಕೊಂಡು ಹೋಗಿ ಮರಳಿ ಬರುತ್ತಾರೆ. ಮಾಸ್ತರರ ಜಾಕ್ ಪಾಯಿಂಟಿನ ಆ ಕೆಂಪನ್ನು ತೂತಿನಿಂದಲೇ ಬ್ರಷ್ ಹಾಕಿ ಉಜ್ಜಿ ಮತ್ತೆ ಮೇಣ ಬಿಟ್ಟಿದ್ದೇನೆ. ಜಾಕ್ ಒತ್ತಿದಾಗ ಅಲ್ಲಿ ಪದರ ಬಿರಿಯುತ್ತದೆಂದು ತೋರುತ್ತದೆ. ಮುಂದಿನ ದೀಪಾವಳಿಗೆ ಗಾಡಿ ಬಂದಾಗ ಮೊದಲು ಕ್ಯಾಮೆರಾ ಹೋಗುವುದು ಆ ಜಾಗಕ್ಕೇ.