4×4 ಮೈಮೋ ಲಿಂಕಿನ ನಿಜವಾದ ಕೆಪ್ಯಾಸಿಟಿ: ಇವಿಎಂ ಹಿಡಿದು ಲೆಕ್ಕ ಹಾಕುವ ಬಗೆ

ಪವರ್ ಹೆಚ್ಚಿಸಿದರೂ ಮೈಮೋ ಲಿಂಕಿನ (ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಆಂಟೆನಾ, ಒಟ್ಟಿಗೆ ಹೋಗುವ ನಾಲ್ಕು ಡೇಟಾ ಸ್ಟ್ರೀಮ್) ವೇಗ ಏರದೆ ನಿಂತುಬಿಟ್ಟರೆ, ಚಾನೆಲ್ಲನ್ನು ದೂರುವ ಮೊದಲು ಇವಿಎಂ (ಎರರ್ ವೆಕ್ಟರ್ ಮ್ಯಾಗ್ನಿಟ್ಯೂಡ್, ಅಂದರೆ ಇರಬೇಕಾದ ಸಿಗ್ನಲ್ಲಿನಿಂದ ನಿಜವಾದ ಸಿಗ್ನಲ್ ಎಷ್ಟು ಶೇಕಡಾ ತಪ್ಪಿದೆ ಎಂಬ ಅಳತೆ) ಅಳೆಯಿರಿ. ರಿಸೀವರಿನ ಥರ್ಮಲ್ ನಾಯ್ಸ್ ಇದ್ದಷ್ಟೇ ಇರುತ್ತದೆ. ಹಾರ್ಡ್‌ವೇರಿನ ವಿಕೃತಿಯಾದರೋ ಸಿಗ್ನಲ್ ಬೆಳೆದಂತೆ ತಾನೂ ಬೆಳೆಯುತ್ತದೆ.

ಪ್ರತಿ ಟ್ರಾನ್ಸ್‌ಮಿಟ್ ಪೋರ್ಟನ್ನೂ ಅಟೆನುಯೇಟರ್ ಮೂಲಕ ವೆಕ್ಟರ್ ಸಿಗ್ನಲ್ ಅನಲೈಸರಿಗೆ ಜೋಡಿಸಿ, ಲಿಂಕ್ ಓಡುವ ಪವರಿನಲ್ಲೇ ಪೂರ್ತಿ ಬ್ಯಾಂಡ್‌ವಿಡ್ತಿನ ಒಎಫ್‌ಡಿಎಂ (ಅನೇಕ ಟೋನ್‌ಗಳಲ್ಲಿ ಡೇಟಾ ಹಂಚಿ ಒಟ್ಟಿಗೆ ಕಳಿಸುವ) ಸಿಗ್ನಲ್ ಕೊಡಿ. ಒಂದೇ ಟೋನ್ ಕೊಟ್ಟರೆ ಒಎಫ್‌ಡಿಎಂನ ಎತ್ತರದ ಪೀಕ್‌ಗಳು ಇರುವುದಿಲ್ಲ, ಆಂಪ್ಲಿಫಯರ್ ಬಹಳ ಸಾಧುವಾಗಿ ಕಾಣುತ್ತದೆ. ಅನಲೈಸರಿನ ಫೇಸ್ ಟ್ರ್ಯಾಕಿಂಗ್ ನಿಮ್ಮ ರಿಸೀವರ್ ಮಾಡುವಷ್ಟೇ ಇರಲಿ. ಅದಕ್ಕಿಂತ ಹೆಚ್ಚಾದರೆ ಫೇಸ್ ನಾಯ್ಸ್ (ಆಸಿಲೇಟರಿನ ಫೇಸ್ ಅಲುಗಾಟ) ಅಳಿಸಿಹೋಗಿ ಸುಳ್ಳು ಸಮಾಧಾನವಾಗುತ್ತದೆ.

ಟ್ರಾನ್ಸ್‌ಮಿಟರ್ 8%, ರಿಸೀವರ್ 3% ಬಂತೆನ್ನಿ. (ಒಂದು ಸಂಕೇತದಲ್ಲಿ 6 ಬಿಟ್ ಹೊರುವ 64-ಕ್ವಾಮ್ ಮಾಡ್ಯುಲೇಷನ್ನಿಗೆ, ಎಲ್‌ಟಿಇ ಅಂದರೆ 4ಜಿ ಬೇಸ್ ಸ್ಟೇಷನ್ನಿಗೆ, ಮೊಬೈಲ್ ಮಾನಕಗಳ ಸಂಸ್ಥೆ 3ಜಿಪಿಪಿ ಕೊಟ್ಟಿರುವ ಮಿತಿಯೂ 8%.) ನೇರವಾಗಿ ಕೂಡಬೇಡಿ, ವರ್ಗ ಮಾಡಿ ಕೂಡಿ: 0.0064 + 0.0009 = 0.0073. ಇದಕ್ಕೆ ಎಸ್‌ಎನ್‌ಆರ್‌ನ (ಸಿಗ್ನಲ್ ಮತ್ತು ಥರ್ಮಲ್ ನಾಯ್ಸ್‌ನ ಅನುಪಾತ) ವಿಲೋಮ ಸೇರಿಸಿ. 30 ಡೆಸಿಬೆಲ್ ಆದರೆ 0.001, ಮೊತ್ತ 0.0083. 1ನ್ನು ಇದರಿಂದ ಭಾಗಿಸಿ, ಬಂದದ್ದಕ್ಕೆ 1 ಕೂಡಿಸಿ, ಆಧಾರ 2ರ ಲಾಗ್ ತೆಗೆಯಿರಿ: ಸ್ಟ್ರೀಮಿಗೆ 6.92. ನಾಲ್ಕೂ ಸ್ಟ್ರೀಮ್ ಸಮಬಲವಾಗಿದ್ದರೆ ಹರ್ಟ್ಸ್‌ಗೆ ಸೆಕೆಂಡಿಗೆ 27.7 ಬಿಟ್. ದೋಷವೇ ಇಲ್ಲದ ಹಾರ್ಡ್‌ವೇರಿನಲ್ಲಿ ಇದು 39.9.

ಈಗ ಹತ್ತು ಪಟ್ಟು ಪವರ್ ಸುರಿದು ಎಸ್‌ಎನ್‌ಆರ್ 40ಕ್ಕೆ ಏರಿಸಿ. ದೋಷರಹಿತ ಲೆಕ್ಕ 53.2 ಎನ್ನುತ್ತದೆ, ಕೈಗೆ ಬರುವುದು 28.4. ಅಷ್ಟೂ ಅನುಮಾನವೇ, ಏಕೆಂದರೆ ಆಂಪ್ಲಿಫಯರ್ ಕಂಪ್ರೆಷನ್ನಿಗೆ (ಪೀಕ್‌ಗಳು ಚಪ್ಪಟೆಯಾಗುವ ಸ್ಥಿತಿಗೆ) ಹೋಗಿ 8% ಇನ್ನೂ ಹಿಗ್ಗುತ್ತದೆ. ಅದರ ಬದಲು ಡಿಜಿಟಲ್ ಪ್ರೀಡಿಸ್ಟಾರ್ಷನ್ (ಆಂಪ್ಲಿಫಯರಿನ ವಿಕೃತಿಗೆ ಮೊದಲೇ ವಿರುದ್ಧ ತಿದ್ದುಪಡಿ) ಹಾಕಿ ಟ್ರಾನ್ಸ್‌ಮಿಟರನ್ನು 3.5%ಗೆ ಇಳಿಸಿದರೆ 30 ಡೆಸಿಬೆಲ್‌ನಲ್ಲೇ 33.3 ಸಿಗುತ್ತದೆ. 3 ಡೆಸಿಬೆಲ್ ಬ್ಯಾಕ್‌ಆಫ್ ಕೊಟ್ಟೇ (ಪವರ್ ಅಷ್ಟು ಇಳಿಸಿಯೇ) ಅಲ್ಲಿಗೆ ತಲುಪಬೇಕಾದರೂ 31.7 ಉಳಿಯುತ್ತದೆ.

ಯಾವುದನ್ನು ಮೊದಲು ಸರಿಮಾಡುವುದು? ವರ್ಗ ಮಾಡಿ ಕೂಡುವುದರಿಂದ ದೊಡ್ಡ ದೋಷವೇ ಮೊತ್ತವನ್ನೆಲ್ಲ ನುಂಗುತ್ತದೆ. ಐಕ್ಯೂ ಅಸಮತೋಲನ (ಸಿಗ್ನಲ್ಲಿನ ಐ, ಕ್ಯೂ ಎಂಬ ಎರಡು ಭಾಗಗಳ ಬಲ ಮತ್ತು ಫೇಸ್‌ನ ಹೊಂದಾಣಿಕೆ ತಪ್ಪುವುದು) 0.1 ಡೆಸಿಬೆಲ್, 1 ಡಿಗ್ರಿ ಇದ್ದರೆ ಇವಿಎಂಗೆ ಸುಮಾರು 1% ಮಾತ್ರ. ಆರ್‌ಎಂಎಸ್ 1 ಡಿಗ್ರಿ ಫೇಸ್ ನಾಯ್ಸ್‌ನಿಂದ 1.7%. ಆಂಪ್ಲಿಫಯರ್ 7% ಕೆಡಿಸುತ್ತಿರುವಾಗ ಆಸಿಲೇಟರ್ ಬದಲಿಸುವುದು ದಂಡ.

ಪ್ರತಿ ಆಂಟೆನಾದ ವಿಕೃತಿಗೂ ಇನ್ನೊಂದರದಕ್ಕೂ ಸಂಬಂಧವಿಲ್ಲ ಎಂದುಕೊಂಡ ಲೆಕ್ಕವಿದು. ಹಾಗಿದ್ದಾಗ ಬೇಸ್ ಸ್ಟೇಷನ್ನಿಗೆ ಆಂಟೆನಾ ಹೆಚ್ಚಿಸಿದಷ್ಟೂ ಅಲ್ಲಿನ ವಿಕೃತಿ ಹರಡಿ ತೆಳುವಾಗುತ್ತದೆ, ಕೊನೆಗೆ ಮಿತಿ ಹಾಕುವುದು ಫೋನಿನ ಇವಿಎಂ. ಆದರೆ ಒಬ್ಬಿಬ್ಬರೇ ಬಳಕೆದಾರರಿರುವಾಗ ಆಂಪ್ಲಿಫಯರ್‌ಗಳ ವಿಕೃತಿಯೂ ಸಿಗ್ನಲ್ ಹೋದ ದಿಕ್ಕಿಗೇ ಬೀಮ್ ಆಗಬಹುದು. ಆಗ ಆ ತೆಳುವಾಗುವಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.