ಕೈ ನೋಡಿ ಲೋಹ ಆರಿಸಿದೆವು

ನಮ್ಮ ನಿಶ್ಚಿತಾರ್ಥದ ಉಂಗುರಗಳಲ್ಲಿ ಅವರದು 22 ಕ್ಯಾರೆಟ್ ಚಿನ್ನ, ನನ್ನದು ಪ್ಲಾಟಿನಂ. ಜೋಡಿ ಅಂದ ಮೇಲೆ ಎರಡೂ ಒಂದೇ ಥರ ಇರಬೇಡವೇ ಎಂದು ಎರಡೂ ಮನೆಯವರು ಕೇಳಿದ್ದರು. ಈಗ ಮದುವೆ ಗೊತ್ತಾದ ನಮ್ಮ ಬಳಗದ ಹುಡುಗಿಯರು ಅದನ್ನೇ ಕೇಳುತ್ತಿದ್ದಾರೆ. ಹಾಗಾಗಿ ನಾವು ಲೆಕ್ಕ ಹಾಕಿದ ಬಗೆಯನ್ನು ಬರೆಯುತ್ತಿದ್ದೇನೆ.

ನಾನು ಮುಂಬಯಿಯ ಸಾಯನ್ ಕಡೆಯ ಒಂದು ಪೆಥಾಲಜಿ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ದಿನವಿಡೀ ಕೈಗವಸು, ಮತ್ತೆ ಮತ್ತೆ ಕೈತೊಳೆತ, ಮೇಜು ಒರೆಸಲು ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬ್ಲೀಚ್ ದ್ರಾವಣ. ಎದ್ದು ನಿಂತ ಹರಳಿನ ಉಂಗುರ ಹಾಕಿದರೆ ಕೈಗವಸು ಹರಿಯುತ್ತದೆ, ಹಾಗಾಗಿ ನಮ್ಮಲ್ಲಿ ನುಣುಪಾದ ಪಟ್ಟಿ ಉಂಗುರಕ್ಕೆ ಮಾತ್ರ ಒಪ್ಪಿಗೆ. ಅವರು ಮುಲುಂಡ್‌ನಲ್ಲಿ ಮಾವನವರ ಹೋಟೆಲ್ ನೋಡಿಕೊಳ್ಳುತ್ತಾರೆ, ಹೆಚ್ಚು ಹೊತ್ತು ಗಲ್ಲಾದ ಮೇಲೆಯೇ. ಈ ಎರಡು ಕೈಗಳಿಗೆ ಒಂದೇ ಲೋಹ ಹೊಂದುವುದಿಲ್ಲ ಅನ್ನುವುದು ನನಗೆ ಬೇಗ ಸ್ಪಷ್ಟವಾಯಿತು.

ಅಂಗಡಿ ಹೊಗುವ ಮೊದಲು ಡೊಂಬಿವಲಿಯಲ್ಲಿ ನಮ್ಮ ಮನೆಯ ಹತ್ತಿರದ ಅಕ್ಕಸಾಲಿ ಶೇಟರ ಬಳಿ ಹೋಗಿ ಕೂತೆ. ಹೊನ್ನಾವರದ ಕಡೆಯವರು, ಅಮ್ಮನ ಬಳೆಗೆ ಬೆಸುಗೆ ಹಾಕಿಕೊಡುವವರು. ಅಂದು ರಿಪೇರಿಗೆ ಬಂದಿದ್ದ ಒಂದು 22 ಕ್ಯಾರೆಟ್ ಉಂಗುರವನ್ನು ಭೂತಗನ್ನಡಿಯಡಿ ಹಿಡಿದು, "ನೋಡು ತಂಗಿ" ಅಂದರು. ಹರಳು ಹಿಡಿದ ನಾಲ್ಕು ಮುಳ್ಳುಗಳಲ್ಲಿ ಒಂದು ಸವೆದು ಚಪ್ಪಟೆಯಾಗಿತ್ತು, ಇನ್ನೊಂದು ಪಕ್ಕಕ್ಕೆ ಬಾಗಿತ್ತು. ಉಗುರಿನಿಂದ ತಳ್ಳಿದರೆ ಹರಳು ಅಲ್ಲಾಡುತ್ತಿತ್ತು. 22 ಕ್ಯಾರೆಟ್ ಎಂದರೆ ಸಾವಿರಕ್ಕೆ 916 ಭಾಗ ಚಿನ್ನ. ಬಣ್ಣ ಚೆನ್ನ, ಆದರೆ ಮೆದು. ದಿನಾ ಹಾಕುವ ವಜ್ರದ ಉಂಗುರವಾದರೆ 18 ಕ್ಯಾರೆಟ್, ಅಂದರೆ 750 ಭಾಗ ಚಿನ್ನ ಉಳಿದದ್ದು ತಾಮ್ರ ಬೆಳ್ಳಿ ಇರುವುದೇ ವಾಸಿ, ಗಟ್ಟಿಯಾಗಿ ಹಿಡಿಯುತ್ತದೆ ಅಂದರು.

ನನಗೆ ತೊಡಕಾದದ್ದು ಆ ಉಳಿದ 250 ಭಾಗ. ಹೈಪೋಕ್ಲೋರೈಟ್ ಚಿನ್ನದೊಳಗಿನ ತಾಮ್ರ, ಬೆಳ್ಳಿ, ನಿಕಲ್‌ಗಳನ್ನು ತಿನ್ನುತ್ತದೆ. ಬೆಸುಗೆಯ ಜಾಗ, ಮುಳ್ಳಿನ ಬುಡ ಮೊದಲು ಸೋಲುತ್ತವೆ. ಬಿಳಿ ಚಿನ್ನದಲ್ಲಿ ಈ ಕಾಟ ಇನ್ನೂ ಜಾಸ್ತಿ. ಬಿಳಿ ಬಣ್ಣ ಬರಲು ನಿಕಲ್ ಅಥವಾ ಪಲ್ಲಾಡಿಯಂ ಬೆರೆಸಿ, ಮೇಲೆ ರೋಡಿಯಂ ಎಂಬ ಬಿಳಿ ಲೋಹದ ಲೇಪ ಕೊಟ್ಟಿರುತ್ತಾರೆ. ದಿನಾ ಹಾಕಿದರೆ ವರ್ಷ ಎರಡು ವರ್ಷಕ್ಕೆ ಲೇಪ ಸವೆದು ಒಳಗಿನ ಹಳದಿ ಛಾಯೆ ಕಾಣುತ್ತದೆ, ಮತ್ತೆ ಲೇಪ ಹಾಕಿಸಬೇಕು. ನನಗಂತೂ ಫ್ಯಾನ್ಸಿ ಓಲೆ ಹಾಕಿದರೇ ಕಿವಿ ತುರಿಸಿ ಕೆಂಪಾಗುತ್ತದೆ, ಅದು ನಿಕಲ್‌ನ ಅಲರ್ಜಿ. ಅಂಥವರು ಬಿಳಿ ಚಿನ್ನ ಕೊಳ್ಳುವ ಮೊದಲು ಒಳಗೆ ಏನು ಬೆರೆಸಿದ್ದಾರೆ ಎಂದು ಕೇಳಲೇಬೇಕು. ಬೆಳ್ಳಿಯ ವಿಚಾರಕ್ಕೆ ನಾವು ಹೋಗಲಿಲ್ಲ, ಮುಂಬಯಿಯ ಈ ಹವೆಯಲ್ಲಿ ಅದು ಕಪ್ಪಾಗುವುದನ್ನು ದೇವರ ಮನೆಯಲ್ಲೇ ನೋಡುತ್ತೇವಲ್ಲ.

ಹಾಗೆ ಪ್ಲಾಟಿನಂ ಉಳಿಯಿತು. ಹೈಪೋಕ್ಲೋರೈಟ್‌ಗೆ ಅದು ಜಗ್ಗುವುದಿಲ್ಲ, ಚರ್ಮಕ್ಕೂ ಒಗ್ಗುತ್ತದೆ, ಲೇಪದ ಹಂಗಿಲ್ಲ. ಗೀರು ಬೀಳುತ್ತದೆ ನಿಜ. ಆದರೆ ಗೀರಿನಲ್ಲಿ ಲೋಹ ಉದುರಿ ಹೋಗುವುದು ಕಡಿಮೆ, ಪಕ್ಕಕ್ಕೆ ಸರಿದುಕೊಳ್ಳುತ್ತದೆ ಅಷ್ಟೆ. ಪಾಲಿಶ್ ಮಾಡಿಸಿದರೆ ಹೊಳಪು ಮರಳುತ್ತದೆ.

ಝವೇರಿ ಬಜಾರ್‌ಗೆ ಮಸೀದಿ ಬಂದರ್ ಸ್ಟೇಷನ್‌ನಲ್ಲಿ ಇಳಿದು ನಡೆದೆವು. ಮುಂಬಾದೇವಿ ಗುಡಿಯ ಆಸುಪಾಸಿನ ಆ ಗಲ್ಲಿಗಳಲ್ಲಿ ಒಂದೇ ಅಳತೆಯ ಎರಡು ಉಂಗುರಗಳನ್ನು ತಕ್ಕಡಿಗೆ ಹಾಕಿಸಿ ನೋಡಿದೆ. 18 ಕ್ಯಾರೆಟ್‌ನದು 3 ಗ್ರಾಂ ತೂಗಿದ ಕಡೆ ಪ್ಲಾಟಿನಂನದು ಹತ್ತಿರಹತ್ತಿರ 4 ಗ್ರಾಂ. ಅದು ಅಷ್ಟು ಸಾಂದ್ರವಾದ ಲೋಹ. ಈಗ ಗ್ರಾಂಗೆ ಅದರ ದರ ಚಿನ್ನಕ್ಕಿಂತ ಕಡಿಮೆ ಎಂದು ಹಿಗ್ಗುವವರು ಈ ತೂಕವನ್ನೂ ಮಜೂರಿಯನ್ನೂ ಕೂಡಿಸಿ ನೋಡಬೇಕು. ಚಿನ್ನ ಕರಗುವುದು 1064 ಡಿಗ್ರಿಯಲ್ಲಿ, ಪ್ಲಾಟಿನಂ 1768ರಲ್ಲಿ. ನಮ್ಮ ಶೇಟರ ಊದುಬೆಂಕಿಗೆ ಅದು ಬಗ್ಗದು. ಗಾತ್ರ ಬದಲಿಸಬೇಕಾದರೆ ಅದಕ್ಕೆ ಬೇಕಾದ ಸಲಕರಣೆ ಇರುವ ಕಾರ್ಖಾನೆಗೇ ಕಳಿಸಬೇಕು. ಅದಕ್ಕೆ ಬೆರಳಿನ ಅಳತೆಯನ್ನು ಬೆಳಿಗ್ಗೆ ಒಮ್ಮೆ, ಕೆಲಸ ಮುಗಿಸಿ ಸೆಕೆಯಲ್ಲಿ ಬೆರಳು ಊದಿದಾಗ ಒಮ್ಮೆ ಕೊಟ್ಟೆ. ಸಣ್ಣ ವಜ್ರವನ್ನು ಪಟ್ಟಿಯೊಳಗೇ ಹುದುಗಿಸಿ ಕೂರಿಸಿದರು, ಮುಳ್ಳೇ ಇಲ್ಲ.

"ಬಿಳಿ ಉಂಗುರ ನೋಡಿದವರು ಬೆಳ್ಳಿ ಅಂತಾರೆ ಮಗಾ" ಎಂದು ಅತ್ತೆ ಬೇಸರಪಟ್ಟರು. ಕಷ್ಟಕಾಲಕ್ಕೆ ಆಗುವುದು ಚಿನ್ನವೇ ಎಂದು ಅಮ್ಮ. ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಪ್ಲಾಟಿನಂ ಮಾರಲು ಹೋದರೆ ಕೊಳ್ಳುವ ಅಂಗಡಿ ಕಡಿಮೆ, ಕಡಿತ ಜಾಸ್ತಿ. ಅವರ ಉಂಗುರವನ್ನು ಒಂದು ಪವನಿನಲ್ಲಿ (ಎಂಟು ಗ್ರಾಂ), ಹರಳಿಲ್ಲದೆ, 22 ಕ್ಯಾರೆಟ್‌ನಲ್ಲೇ ಮಾಡಿಸಿದ್ದು ಆ ಕಾರಣಕ್ಕೆ. ದಪ್ಪ ಪಟ್ಟಿ, ಗಲ್ಲಾದ ಕೆಲಸಕ್ಕೆ ಸವೆಯುವುದು ಅಷ್ಟಕ್ಕಷ್ಟೆ, ಆಪತ್ತಿಗೂ ಒದಗುತ್ತದೆ.

ಅವರ ಉಂಗುರದ ಒಳಮೈಯಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 22ಕೆ916 ಮತ್ತು ಪ್ರತಿ ಒಡವೆಗೂ ಬೇರೆಬೇರೆಯಾಗಿ ಕೊಡುವ ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆ, ಅಂದರೆ ಎಚ್‌ಯುಐಡಿ ಇವೆ. 2023ರ ಏಪ್ರಿಲ್ 1ರಿಂದ ಈ ಆರರ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಚಿನ್ನದ ಒಡವೆ ಮಾರುವಂತಿಲ್ಲ. ಅಂಗಡಿಯಲ್ಲೇ ನಿಂತು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ನೋಡಿದೆ: ಒಡವೆ ಉಂಗುರವೇ, ಶುದ್ಧತೆ ಎಷ್ಟು, ಎಲ್ಲ ತಾಳೆಯಾಯಿತು. ಎರಡು ಗ್ರಾಂಗಿಂತ ಹಗುರದ ಒಡವೆಗೆ ಈ ಕಡ್ಡಾಯವಿಲ್ಲ, ತೆಳು ಉಂಗುರ ಕೊಳ್ಳುವವರು ಗಮನಿಸಿ. ನನ್ನದರಲ್ಲಿ ಪಿಟಿ950 (ಸಾವಿರಕ್ಕೆ 950 ಭಾಗ ಪ್ಲಾಟಿನಂ) ಎಂದು ಕೊರೆದಿದೆ, ಜೊತೆಗೆ ಶುದ್ಧತೆಯ ಕಾರ್ಡ್ ಪಡೆದೆ. ಬಿಲ್‌ನಲ್ಲಿ ಲೋಹದ ತೂಕ, ವಜ್ರದ ತೂಕ, ಮಜೂರಿ, 3 ಶೇಕಡ ಜಿಎಸ್‌ಟಿ ಬೇರೆಬೇರೆ ಬರೆಸಿದೆ. ವಜ್ರಕ್ಕೆ ಕ್ಯಾರೆಟ್ ಎಂದರೆ ಶುದ್ಧತೆಯಲ್ಲ, ತೂಕ; ಒಂದು ಕ್ಯಾರೆಟ್ ವಜ್ರ ಎಂದರೆ 0.2 ಗ್ರಾಂ, ಅದು ಲೋಹದ ಲೆಕ್ಕದಲ್ಲಿ ಸೇರಬಾರದು. ಮರಳಿ ಕೊಟ್ಟರೆ ಎಷ್ಟು ಕಡಿತ ಎನ್ನುವುದನ್ನು ಬಾಯಿಮಾತಿಗೆ ಬಿಡದೆ ಅದೇ ಬಿಲ್‌ನ ಹಿಂದೆ ಬರೆಸಿ, ಅಂಗಡಿಯ ಮೊಹರು ಹಾಕಿಸಿಕೊಂಡೆ.