ಮರಳಿನ ವಿಕಿರಣಶೀಲತೆಯನ್ನು ಪ್ರಯೋಗಾಲಯದಲ್ಲಿ ಅಳೆಯುವ ಕ್ರಮ

ಮಂಗಳೂರಿನ ಬಳಿಯ ಉಳ್ಳಾಲದ ಕಡಲತೀರದಲ್ಲಿ ಅಲ್ಲಲ್ಲಿ ಸಿಗುವ ಮೋನಜೈಟ್ ಎಂಬ ಖನಿಜ ಬೆರೆತ ಮರಳಿನಲ್ಲಿ ಥೋರಿಯಂ ಇರುತ್ತದೆ. ಗೈಗರ್ ಕೌಂಟರ್ ಅದರ ಮೇಲೆ ಟಿಕ್ ಟಿಕ್ ಎನ್ನುತ್ತದೆಯೇ ಹೊರತು, ಆ ವಿಕಿರಣ ಯಾವ ಧಾತುವಿನದು, ಎಷ್ಟು ಎಂದು ಹೇಳುವುದಿಲ್ಲ. ಅದಕ್ಕೆ ಗಾಮಾ ಕಿರಣಗಳನ್ನು ಅವುಗಳ ಶಕ್ತಿಗೆ ತಕ್ಕಂತೆ ಬೇರ್ಪಡಿಸಿ ಎಣಿಸುವ ಗಾಮಾ ಸ್ಪೆಕ್ಟ್ರೋಮೀಟರ್ ಬೇಕು.

ಮರಳನ್ನು 110 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿ ರಾತ್ರಿಯಿಡೀ ಒಣಗಿಸಿ, ಜರಡಿ ಹಿಡಿದು, ತೂಗಿ, ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಗಾಳಿಯಾಡದಂತೆ ಮುಚ್ಚಬೇಕು. ಹೊಸಬರು ಎಡವುವುದು ಇಲ್ಲಿಯೇ. ಮರಳಿನಲ್ಲಿರುವ ರೇಡಿಯಂ 226ನ್ನು ನಾವು ಸಾಮಾನ್ಯವಾಗಿ ಅಳೆಯುವುದು ಅದು ಹಂತಹಂತವಾಗಿ ಕ್ಷಯಿಸಿದಾಗ ಹುಟ್ಟುವ ಸಂತತಿಯಾದ ಬಿಸ್ಮತ್ 214 ಹೊರಸೂಸುವ 609 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಗಾಮಾ ಕಿರಣದಿಂದ. ನಡುವೆ ಬರುವ ರೇಡಾನ್ ಅನಿಲವಾದ್ದರಿಂದ ಮುಚ್ಚಳದ ಸಂದಿನಲ್ಲಿ ಸೋರಿದರೆ ಲೆಕ್ಕ ಕಡಿಮೆ ಬರುತ್ತದೆ. ರೇಡಾನ್‌ನ ಅರ್ಧಾಯು (ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ) 3.8 ದಿನ, ಏಳು ಅರ್ಧಾಯುಗಳಷ್ಟು, ಅಂದರೆ ಸುಮಾರು ನಾಲ್ಕು ವಾರ, ಡಬ್ಬಿಯನ್ನು ಮುಟ್ಟದೆ ಇಟ್ಟರೆ ರೇಡಾನ್ ಹುಟ್ಟುವುದೂ ಕ್ಷಯಿಸುವುದೂ ಸರಿಸಮವಾಗಿ ಸಮತೋಲ ಬರುತ್ತದೆ. ಮುಚ್ಚಳದ ಸುತ್ತ ಅಂಟು ಹಚ್ಚಿ, ಮೇಲೆ ಟೇಪು ಸುತ್ತಿ, ದಿನಾಂಕ ಬರೆದಿಡಿ.

ಸ್ಪೆಕ್ಟ್ರೋಮೀಟರಿನಲ್ಲಿ ಕಿರಣವನ್ನು ಗುರುತಿಸುವ ಜರ್ಮೇನಿಯಂ ಡಿಟೆಕ್ಟರನ್ನು ದ್ರವ ಸಾರಜನಕದಿಂದ ತಣಿಸಿ ಸೀಸದ ಕವಚದೊಳಗೆ ಇಟ್ಟಿರುತ್ತಾರೆ. ಸೀಸಿಯಂ 137ರ 662, ಕೋಬಾಲ್ಟ್ 60ರ 1173 ಮತ್ತು 1332 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಶೃಂಗಗಳಿಂದ (ಆಯಾ ಶಕ್ತಿಯಲ್ಲಿ ಎಣಿಕೆ ಮೇಲೇರುವ ಮೊನೆಗಳಿಂದ) ಶಕ್ತಿಯ ಅಳತೆಯನ್ನು ಹೊಂದಿಸಬೇಕು. ದಕ್ಷತೆಯನ್ನು, ಅಂದರೆ ಹೊರಬಂದ ಕಿರಣಗಳಲ್ಲಿ ಡಿಟೆಕ್ಟರ್ ಎಣಿಸುವ ಪಾಲನ್ನು, ಮಾತ್ರ ಅದೇ ಆಕಾರದ ಡಬ್ಬಿಯಲ್ಲಿ, ಅದೇ ಎತ್ತರಕ್ಕೆ ತುಂಬಿದ, ಸಾಂದ್ರತೆಯಲ್ಲೂ ಹತ್ತಿರವಿರುವ, ವಿಕಿರಣಶೀಲತೆ ಮೊದಲೇ ಗೊತ್ತಿರುವ ಪ್ರಮಾಣಿತ ಮಾದರಿಯಿಂದಲೇ ಪಡೆಯಬೇಕು.

ಮರಳಿನ ಡಬ್ಬಿಯನ್ನು ಡಿಟೆಕ್ಟರಿನ ಬಳಿಯಿಟ್ಟು ಕಿರಣಗಳನ್ನು ಎಣಿಸಿ. ಬಳಿಕ ಖಾಲಿ ಡಬ್ಬಿಯನ್ನಿಟ್ಟು ಅಷ್ಟೇ ಹೊತ್ತು ಎಣಿಸಿ. ಗೋಡೆಯ ಇಟ್ಟಿಗೆಯಲ್ಲೂ ಪೊಟ್ಯಾಸಿಯಂ 40 ಇರುವುದರಿಂದ, ಅದರ 1461ರ ಶೃಂಗ ಮರಳಿಲ್ಲದೆಯೂ ಸಣ್ಣದಾಗಿ ತಲೆಯೆತ್ತುತ್ತದೆ. ಅದನ್ನು ಕಳೆಯದೆ ಬರೆದ ಫಲಿತಾಂಶವನ್ನು ನಾನಂತೂ ಒಪ್ಪುವುದಿಲ್ಲ.

ಒಂದು ಲೆಕ್ಕ ನೋಡೋಣ. 250 ಗ್ರಾಂ ಮರಳನ್ನು 60,000 ಸೆಕೆಂಡು ಎಣಿಸಿದಾಗ 1461ರಲ್ಲಿ 3,600, ಖಾಲಿ ಡಬ್ಬಿಯಲ್ಲಿ 600 ಎಣಿಕೆ ಬಂದವೆನ್ನಿ. ದಕ್ಷತೆ 0.02, ಪ್ರತಿ ಕ್ಷಯಕ್ಕೆ ಆ ಕಿರಣ ಹೊರಬರುವ ಪ್ರಮಾಣ 0.107. ಉಳಿದ 3,000ವನ್ನು ದಕ್ಷತೆ, ಪ್ರಮಾಣ, ಕಿಲೋಗ್ರಾಂ, ಸೆಕೆಂಡುಗಳ ಗುಣಲಬ್ಧದಿಂದ ಭಾಗಿಸಿದರೆ ಕಿಲೋಗೆ ಸುಮಾರು 93 ಬೆಕ್ವೆರೆಲ್, ಅಂದರೆ ಸೆಕೆಂಡಿಗೆ 93 ಕ್ಷಯ. ಎಣಿಕೆಯ ಅನಿಶ್ಚಿತತೆ 3,600 ಮತ್ತು 600ರ ಮೊತ್ತದ ವರ್ಗಮೂಲ, ಅಂದರೆ 65ರಷ್ಟು ಎಣಿಕೆ; ಇದು 3,000ದ ಸುಮಾರು ಶೇಕಡ 2. ಹಾಗಾಗಿ ವರದಿಯಲ್ಲಿ 93 ± 2 ಎಂದು ಬರೆದು, ಇದು ಎಣಿಕೆಯದಷ್ಟೇ, ದಕ್ಷತೆಯ ದೋಷ ಇದರಲ್ಲಿ ಸೇರಿಲ್ಲವೆಂದು ಪಕ್ಕದಲ್ಲೇ ತಿಳಿಸಿ.